ಉಪ್ಪುನೀರಲ್ಲಿ ನಿಂತ ಭತ್ತ: ಅಘನಾಶಿನಿ ಕಣಿವೆಯ ಕಥೆ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಹಾಗಾದ್ರೆ ಬನ್ನಿ, ಇವತ್ತು ಶಿರಸಿಯಿಂದ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಗೋಣ. ನಮ್ಮ ಹಾಗೇ ಇನ್ನೊಬ್ಬಳು ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿ ಹತ್ತಿರ ಅರಬ್ಬಿ ಸಮುದ್ರ ಸೇರ್ತಾಳೆ. ಅವಳೇ ಅಘನಾಶಿನಿ. ದೊಡ್ಡ ಅಣೆಕಟ್ಟು ಕಾಣದೆ ಕಡಲು ಮುಟ್ಟೋ ನದಿಗಳು ನಮ್ಮಲ್ಲಿ ಕಡಿಮೆ. ಇದು ಅವುಗಳಲ್ಲೊಂದು.

ಬೆಟ್ಟ ಮತ್ತು ಕಡಲಿನ ನಡುವಿನ ಈ ಪಟ್ಟಿ ಬೀಚ್ ರೀಲ್ಸ್‌ನಲ್ಲಿ ಕಾಣೋ ಹಾಗೆ ನಿದ್ದೆ ಹೊಡೀತಾ ಇದ್ದ ಜಾಗ ಅಲ್ಲ. ದಡದ ಮಿರ್ಜಾನ್ ಕೋಟೆ ನೋಡಿದ್ರೆ ಗೇರುಸೊಪ್ಪೆಯ ಚೆನ್ನಭೈರಾದೇವಿ ನೆನಪಾಗ್ತಾಳೆ. 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನ ಕರೆದದ್ದೇ ಮೆಣಸಿನ ರಾಣಿ ಅಂತ. ಆಮೇಲೆ ಹತ್ತಿಯ ಕಾಲ. ಧಾರವಾಡ ಕಡೆಯ ಹತ್ತಿ ಘಾಟಿ ಇಳಿದು ಕುಮಟಾದಲ್ಲಿ ಹಡಗು ಹತ್ತಿ, ಬಾಂಬೆ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಅಂತ ಮಾರಾಟ ಆಗ್ತಿತ್ತು. ಕುಮಟಾದಲ್ಲಿ ಹತ್ತಿ ಗಿಡ ಹುಡುಕ್ಬೇಡಿ ಮತ್ತೆ! ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬೆಲೆ ಏರಿದ ಹೊತ್ತಲ್ಲೇ, 1862ರಲ್ಲಿ, ಉತ್ತರ ಕನ್ನಡ ಮದ್ರಾಸ್ ಬಿಟ್ಟು ಬಾಂಬೆ ಪ್ರೆಸಿಡೆನ್ಸಿ ಸೇರಿತು. 1880ರ ದಶಕದಲ್ಲಿ ರೈಲು ಮರ್ಮಗೋವಾ ಕಡೆ ಓಡಿತು. ಹತ್ತಿ ಅದರ ಹಿಂದೆ ಹೋಯ್ತು.

ಮೆಣಸಿನ ದರ್ಬಾರೂ ಮುಗೀತು, ಹತ್ತಿಯೂ ಹೋಯ್ತು. ಉಳಿದದ್ದು ಕಗ್ಗ.

ಕಗ್ಗ ಅಂದ್ರೆ ಇಲ್ಲಿ ಭತ್ತದ ತಳಿ. ಭರತ ಬಂದಾಗ ಸಮುದ್ರದ ನೀರು ನದಿಯೊಳಗೆ ಮೈಲಿಗಟ್ಟಲೆ ನುಗ್ಗುತ್ತೆ. ಆ ಉಪ್ಪು ಕೆಸರಿನ ಗದ್ದೆಗೆ ‘ಗಜನಿ’ ಅಂತಾರೆ. ಅಂಥಾ ಕಡೆ ಭತ್ತನಾ ಅಂತ ಕೇಳ್ಬೇಡಿ. ಮಣ್ಣಿನ ಕಟ್ಟೆ, ಅದಕ್ಕೊಂದು ಹಲಗೆ ಬಾಗಿಲು, ಇಷ್ಟೇ ಎಂಜಿನಿಯರಿಂಗ್. ಮಳೆಗಾಲದಲ್ಲಿ ಘಟ್ಟದಿಂದ ಬರೋ ಸಿಹಿನೀರು ಉಪ್ಪು ತೊಳೆಯುತ್ತೆ, ಆಗ ಮೊಳಕೆ ಬಂದ ಬೀಜ ಚೆಲ್ತಾರೆ. ಆಳೆತ್ತರ ಬೆಳೆಯೋ ಕಗ್ಗ ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯಲ್ಲ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಬಾಗಿಲು ತೆಗೆದ್ರೆ ಉಪ್ಪುನೀರಿನ ಜೊತೆ ಸಿಗಡಿ, ಮೀನು ಒಳಗೆ ಬರ್ತವೆ. ಕೊಳೆತ ಕೂಳೆಯೇ ಅವಕ್ಕೆ ಊಟ. ಅದೇ ಗದ್ದೆಯಲ್ಲಿ ಅನ್ನವೂ, ಸಾರಿನ ಮೀನೂ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಕಟ್ಟೆ ಎಲ್ಲರದ್ದು. ಯಾವಾಗ ಬಾಗಿಲು ತೆಗೀಬೇಕು ಅನ್ನೋದು ಊರೇ ಕೂತು ತೀರ್ಮಾನ ಮಾಡ್ಬೇಕು. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಟ್ಟೆ ಹಾಕಿಸ್ತು. ಒಳ್ಳೇದೇ ಅನ್ಸುತ್ತೆ, ಆದ್ರೆ ಊರವರು ಸೇರಿ ಕಟ್ಟೆ ಕಾಯೋ ರೂಢಿ ಸಡಿಲ ಆಯ್ತು. ಹಿಂದೆಯೇ ಬಂತು ಸಿಗಡಿ ಕೃಷಿ. ಪಕ್ಕದವನಿಗೆ ಸಿಗಡಿಗಾಗಿ ವರ್ಷವಿಡೀ ಉಪ್ಪುನೀರು ಬೇಕು ಅಂದ್ರೆ ನಿಮ್ಮ ಕಗ್ಗದ ಕಥೆ ಮುಗೀತು! 1990ರ ದಶಕದ ಮಧ್ಯದಲ್ಲಿ ಬಿಳಿ ಚುಕ್ಕೆ ರೋಗ ಭಾರತದ ಸಿಗಡಿ ಕೆರೆಗಳನ್ನ ಹಾಳು ಮಾಡ್ತು, 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಉದ್ಯಮಗಳ ವಿರುದ್ಧ ತೀರ್ಪು ಕೊಡ್ತು. ಅಷ್ಟರಲ್ಲಿ ಎಷ್ಟೋ ಗಜನಿ ಪಾಳು. ನನ್ನ ಪ್ರಕಾರ ಇಲ್ಲಿ ಮೊದಲು ಒಡೆದದ್ದು ಕಟ್ಟೆ ಅಲ್ಲ, ಒಪ್ಪಂದ.

ತದಡಿಯಲ್ಲಿ 4,000 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಮಾತ್ರ ಕಣಿವೆ ಒಟ್ಟಾಗಿ ಎದುರು ನಿಂತಿತು, ಸ್ಥಾವರ ಬರಲಿಲ್ಲ. 2024ರಲ್ಲಿ ಈ ಅಳಿವೆಗೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ತು. ಈಗ ನದಿಯನ್ನ ವೇದಾವತಿಗೆ ತಿರುಗಿಸೋ ಮಾತು ನಡೀತಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದ್ರೆ ಮಳೆಗಾಲದ ಸಿಹಿನೀರು ಕಡಿಮೆಯಾದ್ರೆ ಗಜನಿಯ ಉಪ್ಪು ತೊಳೆಯೋರು ಯಾರು?

ಕುಮಟಾ ಕಡೆ ಹೋದ್ರೆ ಮಾಣಿಕಟ್ಟಾದಲ್ಲಿ ಇಳೀರಿ. ಅಲ್ಲಿ ಇನ್ನೂ ಕಗ್ಗ ಬಿತ್ತೋರಿದ್ದಾರೆ. ಕೆಂಪಕ್ಕಿ, ಗಂಜಿಗೆ ಚೆನ್ನಾಗಿರುತ್ತೆ.