ಜೋಪಾನ, ಒಡೆಯುವ ಸಾಮಾನು!

ಕಳೆದ ದೀಪಾವಳಿಯ ಮುನ್ನಾದಿನ ಧಾರವಾಡದಿಂದ ನನ್ನ ತಂಗಿ ಒಂದು ಪೆಟ್ಟಿಗೆ ಕಳಿಸಿದಳು. ಅದನ್ನು ಬಿಡಿಸಿಕೊಳ್ಳಲು ನಾನು ಮಾರ್ಕೆಟ್ ಯಾರ್ಡಿನ ಹತ್ತಿರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿದ್ದೆ. ಒಳಗೆ ಎರಡು ಗಾಜಿನ ಭರಣಿ ಉಪ್ಪಿನಕಾಯಿ, ಜೊತೆಗೆ ಹಬ್ಬದ ಫರಾಳ. ಪೆಟ್ಟಿಗೆಯ ಮೈತುಂಬ ಕೆಂಪು ಚೀಟಿಗಳು. ಅವುಗಳ ಮೇಲೆ ದೊಡ್ಡ ಅಕ್ಷರದ ಇಂಗ್ಲಿಷ್ ಎಚ್ಚರಿಕೆ, ಒಂಟಿ ಕಾಲಿನ ಮೇಲೆ ನಿಂತ ಗಾಜಿನ ಲೋಟದ ಚಿತ್ರ. ಅದು ಸಾಲದೆಂದು ತಂಗಿ ತನ್ನ ಕೈಬರಹದಲ್ಲಿ ‘ಸಾವಕಾಶ ಹಿಡೀರಿ, ಗಾಜಿನ ಭರಣಿ ಅದಾವ’ ಎಂದು ಬರೆದಿದ್ದಳು. ಎಣಿಸಿದರೆ ಚೀಟಿಗಳು ಏಳು. ಆದರೂ ಕೆಳಗಿನ ಮೂಲೆಯಿಂದ ಎಣ್ಣೆ ಜಿನುಗುತ್ತಿತ್ತು.

ಪೆಟ್ಟಿಗೆ ಎತ್ತಿಕೊಟ್ಟ ಹಮಾಲ ನಮ್ಮ ಇಂಡಿ ತಾಲೂಕಿನ ಕಡೆಯವನು. ನಾನು ಚೀಟಿಯ ಕಡೆಗೆ ಬೆರಳು ತೋರಿಸಿದಾಗ ಅವನು ಸಿಟ್ಟಾಗಲಿಲ್ಲ. “ಕಾಕಾ, ಇವತ್ತ ಬಂದ ಹತ್ತ ಪೆಟಿಗ್ಯಾಗ ಎಂಟಕ್ಕ ಈ ಚೀಟಿ ಅದಾವ. ಅರಬಿ ಪೆಟಿಗಿಗೂ ಹಚ್ಚತಾರ. ಎಲ್ಲಾದಕ್ಕೂ ಹಚ್ಚಿದ ಮ್ಯಾಲ ಯಾವದನ್ನ ಸಾವಕಾಶ ಹಿಡೀಬೇಕ್ರಿ?” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಈ ಚೀಟಿಯ ಪೂರ್ವಾಪರ ಹುಡುಕುವ ಹುಚ್ಚು ಹತ್ತಿತು. ಸಿಕ್ಕಿದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಒಡೆಯುವ ಸಾಮಾನು ಸಾಗಿಸುವ ಕೆಲಸ ಹೊಸದಲ್ಲ. ನಮ್ಮ ಊರುಗಳಿಗೆ ಬರುತ್ತಿದ್ದ ಬಳೆಗಾರನನ್ನು ನೆನೆಯಿರಿ. ಗಾಜಿನ ಬಳೆಯ ಮಲಾರವನ್ನು ಹೆಗಲ ಮೇಲೆ ಹೊತ್ತು ಹತ್ತಾರು ಹರದಾರಿ ನಡೆಯುತ್ತಿದ್ದ. ಯಾವ ಚೀಟಿಯನ್ನೂ ಅಂಟಿಸುತ್ತಿರಲಿಲ್ಲ. ಹುಲ್ಲಿನ ನಡುವೆ ಗಡಿಗೆ ಜೋಡಿಸಿ ಸಂತೆಗೆ ಗಾಡಿ ಹೂಡುತ್ತಿದ್ದ ಕುಂಬಾರನೂ ಅಷ್ಟೇ. ಸಾಮಾನು ಯಾರದೋ ಅವರದೇ ಕೈ, ಅವರದೇ ಹೆಗಲು. ಒಡೆದರೆ ನಷ್ಟವೂ ಅವರದೇ. ತನ್ನ ಕೈಗೆ ತಾನೇ ಎಚ್ಚರಿಕೆ ಬರೆದುಕೊಳ್ಳುವವರು ಯಾರು? ಇಂಗ್ಲೆಂಡಿನ ಹೆಸರಾಂತ ಪಿಂಗಾಣಿ ತಯಾರಕ ಜೊಸಾಯಾ ವೆಜ್‌ವುಡ್‌ನಿಗೆ ಕೆಟ್ಟ ರಸ್ತೆ ಮತ್ತು ಹೇರುಗುದುರೆಗಳಿಂದ ಆಗುತ್ತಿದ್ದ ನಷ್ಟ ಬಹಳ. ಅವನು ಎಚ್ಚರಿಕೆ ಬರೆಯುತ್ತ ಕೂಡಲಿಲ್ಲ, ಕಾಲುವೆ ತೋಡಿಸುವ ಕೆಲಸಕ್ಕೇ ಕೈ ಹಾಕಿದ. ಟ್ರೆಂಟ್–ಮರ್ಸಿ ಕಾಲುವೆಯ ಮೊದಲ ಗುದ್ದಲಿಯನ್ನು 1766ರಲ್ಲಿ ಅವನೇ ಹಾಕಿದ. 1777ರಲ್ಲಿ ಕಾಲುವೆ ಪೂರ್ತಿಯಾಗಿ ಅವನ ಸಾಮಾನು ನೀರಿನ ಮೇಲೆ ಅಲುಗದೆ ಸಾಗಿತು.

ಚೀಟಿಯ ಅಗತ್ಯ ಬಿದ್ದದ್ದು ಸಾಮಾನು ಅಪರಿಚಿತರ ಕೈಗೆ ಹೋದಾಗ, ಅಂದರೆ ನಮ್ಮ ಕಡೆ ರೈಲು ಬಂದಾಗ. ಪುಣೆಗೆ ರೈಲು ಬಂದದ್ದು 1858ರಲ್ಲಿ. 1863ರಲ್ಲಿ ಬೋರಘಾಟದ ಹಾದಿ ಮುಗಿದ ಮೇಲೆ ಮುಂಬಯಿಯ ಸಾಮಾನು ನೇರವಾಗಿ ಘಾಟ ಹತ್ತಿ ಬರತೊಡಗಿತು. ಮುಂದೆ 1890ರ ಸುಮಾರಿಗೆ ಸದರ್ನ್ ಮರಾಠಾ ರೈಲ್ವೆಯ ಹಾದಿ ಪುಣೆಯನ್ನು ಮೀರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಜೋಡಿಸಿತು. ಆದರೆ ಮುಂಬಯಿಯ ಹಾದಿ ಬ್ರಾಡ್‌ಗೇಜ್, ನಮ್ಮದು ಮೀಟರ್‌ಗೇಜ್. ಮುಂಬಯಿಯಿಂದ ಹುಬ್ಬಳ್ಳಿಗೆ ಹೊರಟ ಒಂದೊಂದು ಪೆಟ್ಟಿಗೆಯನ್ನೂ ನಡುವೆ ಒಂದು ಡಬ್ಬಿಯಿಂದ ಇಳಿಸಿ ಮತ್ತೊಂದಕ್ಕೆ ಹೊರಬೇಕು. 1970ರ ದಶಕದ ಹೊತ್ತಿಗೆ ಪುಣೆ–ಮೀರಜ ಹಾದಿ ಬ್ರಾಡ್‌ಗೇಜ್ ಆದಾಗ ಈ ಇಳಿಸುವಿಕೆ ಮೀರಜಿಗೆ ಹೋಯಿತು. ಅಪರಾತ್ರಿಯಲ್ಲಿ ಮಕ್ಕಳು, ಟ್ರಂಕು, ಹಾಸಿಗೆ ಸುರುಳಿಗಳೊಂದಿಗೆ ಮೀರಜಿನಲ್ಲಿ ಗಾಡಿ ಬದಲಿಸಿದ್ದು ನಮ್ಮ ಹಿರಿಯ ಓದುಗರಿಗೆ ಮರೆತಿರಲಾರದು. ನಮ್ಮ ಜೊತೆಗೆ ಸಾಮಾನಿಗೂ ಅಲ್ಲಿ ಅದೇ ಪಾಡು. 1990ರ ದಶಕದಲ್ಲಿ ಮುಂದಿನ ಹಾದಿಯೂ ಅಗಲವಾದ ಮೇಲೆಯೇ ಅದು ತಪ್ಪಿದ್ದು.

ಒಡೆದರೆ ಹೊಣೆ ಯಾರದು? ರೈಲ್ವೆಯಲ್ಲಿ ಎರಡು ದರಗಳಿದ್ದವು. ‘ಮಾಲೀಕನ ಜವಾಬ್ದಾರಿ’ ಎಂದು ಬರೆಸಿದರೆ ಬಾಡಿಗೆ ಕಡಿಮೆ. ‘ರೈಲ್ವೆಯ ಜವಾಬ್ದಾರಿ’ ಎಂದರೆ ಹೆಚ್ಚು. ನಾಲ್ಕು ಕಾಸು ಉಳಿಸುವ ವ್ಯಾಪಾರಿಗೆ ಮೊದಲನೆಯದೇ ಪ್ರೀತಿ. 1961ರ ತಿದ್ದುಪಡಿಯಿಂದ ರೈಲ್ವೆಯ ಹೊಣೆ ಹೆಚ್ಚಿತು. ಆದರೆ ಪ್ಯಾಕಿಂಗ್ ಸರಿಯಿಲ್ಲವೆಂದು ರಶೀದಿಯಲ್ಲಿ ಬರೆದರೆ ಆ ಹೊಣೆ ಬಹುಮಟ್ಟಿಗೆ ಜಾರುತ್ತದೆ. 1989ರ ರೈಲ್ವೆ ಕಾಯ್ದೆಯಲ್ಲೂ ಈ ಮಾತು ಉಳಿದಿದೆ. ಸಾಮಾನನ್ನು ಹೇಗೆ ಕಟ್ಟಿದ್ದೀರಿ ಎಂಬುದೇ ಅಲ್ಲಿನ ಪ್ರಶ್ನೆ. ಚೀಟಿ ಎಷ್ಟು ಎಂಬುದಲ್ಲ. ತಂಗಿಯ ಏಳು ಚೀಟಿಗಳ ಗತಿ ಅಷ್ಟೇ.

ಮೊದಲಿಗೆ ಎಚ್ಚರಿಕೆಯನ್ನು ತಗಡಿನ ಅಚ್ಚಿಟ್ಟು ಮಸಿ ಬಳಿದು ಬರೆಯುತ್ತಿದ್ದರು, ಇಲ್ಲವೆ ಕಾಗದ ಬರೆದು ಅಂಟಿನಿಂದ ಹಚ್ಚುತ್ತಿದ್ದರು. ಹಿಂಬದಿಯ ಹಾಳೆ ಸುಲಿದು ಅಂಟಿಸುವ ಇಂದಿನ ಚೀಟಿ 1935ರಲ್ಲಿ ಅಮೆರಿಕದ ಸ್ಟ್ಯಾಂಟನ್ ಏವರಿ ಹುಟ್ಟುಹಾಕಿದ್ದು. ಒಂದು ಬಂದರಿನ ಭಾಷೆ ಇನ್ನೊಂದು ಬಂದರಿಗೆ ತಿಳಿಯದು, ಹೊರುವವರಲ್ಲಿ ಎಲ್ಲರಿಗೂ ಓದು ಬಾರದು. ಆದ್ದರಿಂದ ಅಕ್ಷರದ ಜಾಗಕ್ಕೆ ಚಿತ್ರ ಬಂತು. ಇವನ್ನು ಜಗತ್ತಿಗೆಲ್ಲ ಒಂದೇ ಮಾಡಿದ ನಿಯಮಕ್ಕೆ ಐಎಸ್‌ಒ 780 ಎಂದು ಹೆಸರು. ಕೊಡೆ ಕಂಡರೆ ನೀರು ತಾಗಿಸಬಾರದು, ಮೇಲ್ಮುಖದ ಬಾಣ ಕಂಡರೆ ತಲೆಕೆಳಗು ಮಾಡಬಾರದು. ಕೊಡೆ ಯಾರಿಗೂ ತಿಳಿದೀತು. ಆದರೆ ಆ ಕಾಲಿರುವ ಲೋಟ! ನಮ್ಮ ಹಿರಿಯರು ಹಿತ್ತಾಳೆ ತಂಬಿಗೆ ಬಿಟ್ಟು ಬೇರೆ ಮುಟ್ಟಿದವರಲ್ಲ. ತಂಗಿಯ ಪೆಟ್ಟಿಗೆ ನೋಡಿ ನಮ್ಮ ಪಕ್ಕದ ಮನೆಯ ಅಜ್ಜಿ, “ಉಪ್ಪಿನಕಾಯಿ ಅಂತೀರಿ, ಮ್ಯಾಲ ಸೆರೆ ಕುಡಿಯೋ ಗ್ಲಾಸ್ ಬರದಾರಲ್ಲ!” ಎಂದು ಹುಬ್ಬೇರಿಸಿದರು.

ಆ ಚಿತ್ರಗಳಲ್ಲಿ ಇನ್ನೊಂದಿದೆ: ಕೊಕ್ಕೆ, ಅದರ ಮೇಲೆ ಕಾಟು. ‘ಕೊಕ್ಕೆ ಹಾಕಬೇಡಿ’ ಎಂದರ್ಥ. ಚೀಲಗಳ ಮೇಲೂ ಇದನ್ನು ಅಚ್ಚೊತ್ತುತ್ತಾರೆ. ಕೊಕ್ಕೆ ಚೀಲವನ್ನು ಹರಿಯುತ್ತದೆ ನಿಜ. ಆದರೆ ಹಮಾಲನಿಗೆ ಅದೇ ಹಿಡಿಕೆ. ಅದಿಲ್ಲದಿದ್ದರೆ ಭಾರವೆಲ್ಲ ಬೆರಳಿಗೆ, ಸೊಂಟಕ್ಕೆ. ಚೀಲದ ಪರವಾಗಿ ಚಿತ್ರ ಬರೆದವರು ಹಮಾಲನ ಬೆನ್ನಿಗೆ ಏನು ಬರೆದರು? ಇದನ್ನು ಕೇಳಲು ಮಾರ್ಕೆಟ್ ಯಾರ್ಡಿಗಿಂತ ತಕ್ಕ ಜಾಗವಿಲ್ಲ.

ಪುಣೆಯ ಸಗಟು ವ್ಯಾಪಾರ ಮೊದಲು ಭವಾನಿ ಪೇಠ, ನಾನಾ ಪೇಠಗಳ ಇಕ್ಕಟ್ಟಿನಲ್ಲಿತ್ತು. 1970ರ ದಶಕದಿಂದೀಚೆಗೆ ಅದು ಹಂತಹಂತವಾಗಿ ಗುಲ್‌ಟೇಕಡಿಯ ವಿಶಾಲ ಬಯಲಿಗೆ, ಇಂದಿನ ಮಾರ್ಕೆಟ್ ಯಾರ್ಡಿಗೆ ಬಂತು. ಬೆಳಗಿನ ಜಾವ ಅಲ್ಲಿಗೆ ಹೋದರೆ ಕನ್ನಡದ ಹೆಸರುಗಳೇ ಕಿವಿಗೆ ಬೀಳುತ್ತವೆ: ಬ್ಯಾಡಗಿ ಮೆಣಸಿನಕಾಯಿ, ವಿಜಯಪುರದ ಕಡೆಯ ನಿಂಬೆ, ಬೇಸಿಗೆಯಲ್ಲಿ ಕರ್ನಾಟಕದ ಮಾವು. ಹಿಂದೆ ಧಾನ್ಯದ ಗೋಣಿಚೀಲ ತೂಗುತ್ತಿದ್ದದ್ದು 95ರಿಂದ 100 ಕಿಲೋ. ತನ್ನ ಮೈತೂಕದ ಒಂದೂವರೆ ಪಟ್ಟನ್ನು ಹೊತ್ತು ಹಲಗೆಯ ಮೇಲೆ ಓಡುವವನಿಗೆ ಪಗಾರವಿಲ್ಲ, ರಜೆಯಿಲ್ಲ, ಚೀಲದ ಲೆಕ್ಕದಲ್ಲಿ ಕೂಲಿ. ಬೆನ್ನು ಮುರಿದ ದಿನ ಊರ ದಾರಿ.

ವೈದ್ಯರಾಗಿದ್ದ ಡಾ. ಬಾಬಾ ಆಢಾವ್ ನಾನಾ ಪೇಠದಲ್ಲಿ ದವಾಖಾನೆ ನಡೆಸುತ್ತಿದ್ದವರು. 1950ರ ದಶಕದ ನಡುವಿನಲ್ಲಿ ಅವರು ಹಮಾಲ ಪಂಚಾಯತ್ ಕಟ್ಟಿದರು. ಇತ್ತ ಪುಣೆಯಲ್ಲಿ ಅವರು, ಅತ್ತ ಮುಂಬಯಿಯಲ್ಲಿ ಅಣ್ಣಾಸಾಹೇಬ ಪಾಟೀಲರು ನಡೆಸಿದ ಹೋರಾಟಗಳ ಹಿನ್ನೆಲೆಯಲ್ಲಿ 1969ರಲ್ಲಿ ಮಹಾರಾಷ್ಟ್ರದ ಮಾಥಾಡಿ–ಹಮಾಲ ಕಾಯ್ದೆ ಬಂತು. ವ್ಯಾಪಾರಿಯೂ ಹಮಾಲನೂ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು. ಕೂಲಿ ಮಂಡಳಿಯ ಮೂಲಕವೇ ಸಲ್ಲಬೇಕು. ಅದರ ಮೇಲೆ ವ್ಯಾಪಾರಿ ಕಟ್ಟುವ ಲೇವಿಯಿಂದ ಭವಿಷ್ಯನಿಧಿ, ಗ್ರ್ಯಾಚ್ಯುಯಿಟಿ. 1974ರಲ್ಲಿ ಹಮಾಲ ಪಂಚಾಯತ್ ‘ಕಷ್ಟಾಚೀ ಭಾಕರ್’ ಎಂಬ ಅಗ್ಗದ ಊಟದ ಕೇಂದ್ರವನ್ನೂ ತೆರೆಯಿತು. ಚೀಲ 50 ಕಿಲೋ ಮೀರಬಾರದೆಂಬುದು ಅವರ ಬಹುಕಾಲದ ಬೇಡಿಕೆಗಳಲ್ಲೊಂದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರ ಶಿಫಾರಸಿನಲ್ಲಿ ಒಬ್ಬ ಗಂಡಸು ಹೊರಬಹುದಾದ ಭಾರದ ಮಿತಿಯನ್ನು 55 ಕಿಲೋ ಎಂದಿತ್ತು. ಈಗ 50 ಕಿಲೋ ಚೀಲವೇ ರೂಢಿ.

ಅದೇ ಸಂಸ್ಥೆಯ ಹಳೆಯ ಒಪ್ಪಂದವೊಂದು ನನ್ನ ಕಣ್ಣಿಗೆ ಬಿದ್ದದ್ದು ಈ ಹುಡುಕಾಟದಲ್ಲಿಯೇ. 1929ರದು. ಹಡಗಿಗೆ ಹೋಗುವ 1000 ಕಿಲೋ ಮತ್ತು ಮೇಲ್ಪಟ್ಟ ಪ್ರತಿ ಗಂಟಿನ ಹೊರಮೈ ಮೇಲೆ ಅದರ ತೂಕವನ್ನು ಅಳಿಯದಂತೆ ಬರೆಯಬೇಕು ಎನ್ನುತ್ತದೆ. ಅಂದರೆ ಎತ್ತುವ ಮನುಷ್ಯನನ್ನು ಕಾಯುವ ಬರಹವೂ ಒಂದುಂಟು!

ಸಾಮಾನು ಕಾಯುವ ನಿಜವಾದ ಕೆಲಸ ಎಂದೂ ಪೆಟ್ಟಿಗೆಯ ಒಳಗಿನದು. ಕೊಂಕಣದ ಮಾವಿಗೆ ಭತ್ತದ ಹುಲ್ಲಿನ ಹಾಸಿಗೆ. ಅಲೆಯಲೆಯ ರಟ್ಟನ್ನು ಬಾಟಲಿ ಮತ್ತು ದೀಪದ ಗಾಜು ಸುತ್ತಲು ಬಳಸಿದ್ದು 1871ರಲ್ಲಿ, ನ್ಯೂಯಾರ್ಕಿನಲ್ಲಿ. ಮಕ್ಕಳು ಪಟಪಟ ಒಡೆಯುವ ಗುಳ್ಳೆಯ ಪ್ಲಾಸ್ಟಿಕ್ 1957ರಲ್ಲಿ ಹುಟ್ಟಿದ್ದು ಗೋಡೆಗೆ ಹಚ್ಚುವ ಕಾಗದವೆಂದು. ಬೆಂಗಳೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕ, ಬಿದ್ದರೂ ಒಡೆಯದ ಸಾಮಾನು. ಈಗ ಮನೆಯಲ್ಲಿ ಕೂತು ಪಿಂಗಾಣಿ ಬಟ್ಟಲನ್ನೂ ತರಿಸುತ್ತೇವೆ. ಕೆಂಪು ಚೀಟಿಯ ಸುರುಳಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಬಟ್ಟೆಗೂ ಹಚ್ಚುತ್ತಾರೆ, ಹಮಾಲ ಹೇಳಿದ್ದು ಸುಳ್ಳಲ್ಲ.

ಸಂಕ್ರಾಂತಿಗೆ ತಂಗಿ ಮತ್ತೆ ಪೆಟ್ಟಿಗೆ ಕಳಿಸುವೆನೆಂದಾಗ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. “ಅಣ್ಣಾ, ಭಾಷಣ ಸಾಕು, ಏನ್ ಮಾಡಲಿ ಹೇಳು” ಎಂದಳು. ಭರಣಿಗಳ ನಡುವೆ ಹಳೆಯ ಸೀರೆ ತುರುಕಲು ಹೇಳಿದೆ. ಪೆಟ್ಟಿಗೆ ಬಂತು. ಅದೇ ಹಮಾಲ ಎತ್ತಿಕೊಟ್ಟ. ಚೀಟಿ ಒಂದೇ ಇತ್ತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘9 ಕಿಲೋ’. ಅವನು ಅದನ್ನು ಓದಿ, ಮಂಡಿ ಮಡಚಿ, ಎರಡೂ ಕೈಯಿಂದ ಎತ್ತಿದ.