ಮಗಳ ಒಪ್ಪಿಗೆ, ತಾಯಿಯ ಮೊಕದ್ದಮೆ

ಹದಿನೈದು ವರ್ಷದ ಮಗಳು ಮನೆಯಲ್ಲಿ ತಿಳಿಸದೆ ಡಾಕ್ಟರ ಬಳಿ ಹೋಗಿ ಔಷಧಿ ಪಡೆಯಬಹುದೇ? ಆಸ್ಪತ್ರೆಯ ಕಾಗದಕ್ಕೆ ಹಿರಿಯರೇ ಸಹಿ ಹಾಕುವುದನ್ನು ಊರಿನಲ್ಲಿ ನೋಡಿ ಬೆಳೆದ ನಮಗೆ ಈ ಪ್ರಶ್ನೆಯೇ ಕಸಿವಿಸಿ ತರುತ್ತದೆ. ಇಂಗ್ಲೆಂಡಿನವರಿಗೂ ಇದು ಸುಲಭವಾಗಿ ಬಗೆಹರಿಯಲಿಲ್ಲ.

ಒಂದು ಕಾಲಕ್ಕೆ ಇಲ್ಲಿಯೂ ತಂದೆಯ ಮಾತೇ ಕಾನೂನು. 1883ರ ಅಗರ್-ಎಲ್ಲಿಸ್ ಮೊಕದ್ದಮೆಯಲ್ಲಿ ಹದಿನಾರು ವರ್ಷದ ಹುಡುಗಿ ರಜೆಯನ್ನು ತಾಯಿಯೊಡನೆ ಕಳೆಯಲು ಬಯಸಿದಳು. ತಂದೆ ಬೇಡವೆಂದ. ನ್ಯಾಯಾಲಯ ನಡುವೆ ಬರಲು ಒಪ್ಪಲಿಲ್ಲ.

1969ರ ಕುಟುಂಬ ಕಾನೂನು ಸುಧಾರಣಾ ಕಾಯಿದೆ ಹದಿನಾರು ತುಂಬಿದವರಿಗೆ ತಮ್ಮ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡುವ ಹಕ್ಕು ನೀಡಿತು. ಅದಕ್ಕಿಂತ ಚಿಕ್ಕವರ ಪಾಡೇನು? 1980ರಲ್ಲಿ ಆರೋಗ್ಯ ಇಲಾಖೆಯ ಸುತ್ತೋಲೆಯೊಂದು, ವಿಶೇಷ ಸಂದರ್ಭಗಳಲ್ಲಿ ಹದಿನಾರು ತುಂಬದ ಹುಡುಗಿಗೆ ಪಾಲಕರ ಒಪ್ಪಿಗೆಯಿಲ್ಲದೆಯೂ ಡಾಕ್ಟರು ಗರ್ಭನಿರೋಧಕ ಕೊಡಬಹುದೆಂದಿತು. ಐದು ಹೆಣ್ಣುಮಕ್ಕಳ ತಾಯಿ ವಿಕ್ಟೋರಿಯಾ ಗಿಲಿಕ್, ತಮ್ಮ ಮಕ್ಕಳಿಗೆ ಹಾಗೆ ಮಾಡುವುದಿಲ್ಲವೆಂಬ ಭರವಸೆ ಕೇಳಿದರು. ಸಿಗದಿದ್ದಾಗ ಕೋರ್ಟಿನ ಮೆಟ್ಟಿಲೇರಿದರು.

1983ರಲ್ಲಿ ಸೋತರು. 1984ರಲ್ಲಿ ಮೇಲ್ಮನವಿ ನ್ಯಾಯಾಲಯದ ಮೂವರೂ ನ್ಯಾಯಾಧೀಶರು ಅವರ ಪರ ನಿಂತರು. 1985ರ ಅಕ್ಟೋಬರ್ 17ರಂದು, ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಮೂವರಿಗೆ ಇಬ್ಬರಂತೆ ಅವರ ವಿರುದ್ಧ ತೀರ್ಪಿತ್ತಿತು. ಮೂರು ಹಂತಗಳ ಒಂಬತ್ತು ನ್ಯಾಯಾಧೀಶರನ್ನು ಎಣಿಸಿದರೆ ಐವರು ಆಕೆಯ ಪರ, ನಾಲ್ವರು ವಿರುದ್ಧ! ಎಷ್ಟು ಕಷ್ಟದ ಪ್ರಶ್ನೆಯಿದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಲಾರ್ಡ್ ಸ್ಕಾರ್ಮನ್ ಅವರ ವಾದದ ತಿರುಳು ಇದು: ಪಾಲಕರ ಹಕ್ಕು ಇರುವುದು ಮಗುವಿನ ರಕ್ಷಣೆಗಾಗಿ. ವಿಷಯವನ್ನು ಪೂರ್ಣವಾಗಿ ಅರಿಯುವಷ್ಟು ತಿಳಿವಳಿಕೆ ಮಗುವಿಗೆ ಬಂದಾಗ ಆ ಹಕ್ಕು ಹಿಂದೆ ಸರಿಯುತ್ತದೆ. ವಯಸ್ಸೊಂದೇ ಅಳತೆಯಲ್ಲ.

ಆದರೆ 'ಹೂಂ' ಎನ್ನುವ ಹಕ್ಕು ಬಂದರೆ 'ಊಹೂಂ' ಎನ್ನುವ ಹಕ್ಕೂ ಬಂದಂತಲ್ಲ. 1992ರಲ್ಲಿ, ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆಗೆ ತುತ್ತಾಗಿದ್ದ ಹದಿನಾರರ ಹುಡುಗಿಯ ವಿಷಯದಲ್ಲಿ, ಆಕೆ ಬೇಡವೆಂದರೂ ಚಿಕಿತ್ಸೆಗೆ ನ್ಯಾಯಾಲಯ ಅಪ್ಪಣೆ ಕೊಟ್ಟಿತು.

ಗಿಲಿಕ್ ತೀರ್ಪು ತಂದೆತಾಯಿಯರನ್ನು ಹೊರಗಟ್ಟಿತೆಂದು ಬೇಸರಪಡುವವರಿದ್ದಾರೆ. ಅವರು ಲಾರ್ಡ್ ಫ್ರೇಸರ್ ಡಾಕ್ಟರಿಗೆ ಹಾಕಿದ ಷರತ್ತುಗಳನ್ನು ಗಮನಿಸಬೇಕು. ಹುಡುಗಿಗೆ ಸಲಹೆ ಅರ್ಥವಾಗಿರಬೇಕು. ಚಿಕಿತ್ಸೆ ಅವಳ ಹಿತಕ್ಕೆ ಅಗತ್ಯವಿರಬೇಕು. ಮನೆಯಲ್ಲಿ ಹೇಳುವಂತೆ ಅವಳ ಮನವೊಲಿಸಲು ಡಾಕ್ಟರು ಪ್ರಯತ್ನಿಸಿರಬೇಕು. ಆ ಪ್ರಯತ್ನ ವಿಫಲವಾದರೆ ಮಾತ್ರ ಗುಟ್ಟಿನ ಮಾತು.

ಅಂದರೆ ಡಾಕ್ಟರು ಅವಳನ್ನು ಮೊದಲು ಕಳಿಸಲು ನೋಡುವುದು ನಮ್ಮ ಬಳಿಗೇ. ಬಂದವಳನ್ನು ಗದರಿಸದೆ ಕೂರಿಸಿ ಕೇಳುವ ಕೆಲಸ ನಮ್ಮದು.