ಶಿವಗಂಗೆಯ ಬೆಟ್ಟ ಮತ್ತು ಶಾಂತಲೆಯ ಶಾಸನ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯು ಪೂರ್ವದಿಂದ ನೋಡಿದವರಿಗೆ ಬಸವನಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುತ್ತದೆಂಬುದು ನಮ್ಮ ಹಿರಿಯರ ಮಾತು. ದಕ್ಷಿಣ ಕಾಶಿಯೆಂದು ಹೆಸರಾದ ಈ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 4,500 ಅಡಿ. ನೋಡುವ ದಿಕ್ಕಿನೊಡನೆ ರೂಪ ಬದಲಿಸುವ ಈ ಬೆಟ್ಟದಲ್ಲಿ ಒಬ್ಬ ರಾಣಿಯ ಮರಣದ ಕಥೆಯೂ ಹೇಳುವವರೊಡನೆ ಬದಲಾಗಿದೆ. ಅದನ್ನು ಕುರಿತು ನಾಲ್ಕು ಮಾತು.

ಸಂಕ್ರಾಂತಿಯ ಜನಜಂಗುಳಿಯಲ್ಲಿ ಶಿವಗಂಗೆಯನ್ನು ಕಂಡವರೇ ಹೆಚ್ಚು. ನಿವೃತ್ತಿಯ ನಂತರ ನಾನು ವಾರದ ನಡುವಿನ ಒಂದು ದಿನ ಒಬ್ಬನೇ ಹತ್ತಿದೆ. ಡಾಬಸ್‌ಪೇಟೆಯಲ್ಲಿ ಬಸ್ಸಿಳಿದು, ತುಪ್ಪವು ಬೆಣ್ಣೆಯಾಗುವುದೆಂದು ಪ್ರಸಿದ್ಧವಾದ ಗಂಗಾಧರೇಶ್ವರನ ದರ್ಶನ ಮಾಡಿ, ಒಳಕಲ್ಲು ತೀರ್ಥವನ್ನು ದಾಟಿ ಮೇಲೇರಿದೆ. ಅಲ್ಲಿಂದ ಮುಂದೆ ಬಂಡೆಯಲ್ಲಿ ಕಡಿದ ಕಡಿದಾದ ಮೆಟ್ಟಿಲುಗಳು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಗಾಳಿಯ ಸದ್ದು ಮತ್ತು ಕೋತಿಗಳ ಹೊರತು ಜೊತೆಗೆ ಯಾರೂ ಇರಲಿಲ್ಲ. ಏಕಶಿಲೆಯ ನಂದಿಯನ್ನು ದಾಟಿ ತುದಿಗೆ ಬಂದರೆ ಒಂದು ಕಡೆ ನೇರ ಪ್ರಪಾತ. ಅದನ್ನೇ ಜನ 'ಶಾಂತಲಾ ಡ್ರಾಪ್' ಎನ್ನುವುದು.

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯು ಮಕ್ಕಳಿಲ್ಲದ ಕೊರಗಿನಿಂದ ಇಲ್ಲಿಂದ ಧುಮುಕಿ ಪ್ರಾಣ ಬಿಟ್ಟಳೆಂಬ ಕಥೆ ಊರೂರಲ್ಲಿ ಹಬ್ಬಿದೆ. ಪ್ರವಾಸ ಬಂದ ಶಾಲಾಮಕ್ಕಳೂ ಅದನ್ನೇ ಕೇಳಿಕೊಂಡು ಹಿಂತಿರುಗುತ್ತಾರೆ.

ಆದರೆ ಶ್ರವಣಬೆಳಗೊಳದ ಶಾಸನ ಏನು ಹೇಳುತ್ತದೆ? ಕ್ರಿ.ಶ. 1131ರ ಚೈತ್ರದಲ್ಲಿ ಶಾಂತಲದೇವಿಯು ಶಿವಗಂಗೆಯ ತೀರ್ಥದಲ್ಲಿ 'ಮುಡಿಪಿ' ಸ್ವರ್ಗಸ್ಥಳಾದಳು, ಅಷ್ಟೇ. 'ಮುಡಿಪು' ಎಂದರೆ ಮುಗಿಸು, ಕೊನೆಗಾಣಿಸು. ಜೈನರ ನಿಸಿದಿ ಶಾಸನಗಳಲ್ಲಿ ದೇಹತ್ಯಾಗಕ್ಕೆ ಬಳಕೆಯಾಗುವ ಮಾತು. ಪ್ರಪಾತದ ಸುದ್ದಿ ಅಲ್ಲಿಲ್ಲ, ಧುಮುಕಿದ ಮಾತೂ ಇಲ್ಲ. ಮಗಳ ಮರಣದ ಸುದ್ದಿ ಕೇಳಿದ ತಾಯಿ ಮಾಚಿಕಬ್ಬೆಯು ಇನ್ನು ಬದುಕಿರಲಾರೆನೆಂದು ಬೆಳಗೊಳಕ್ಕೆ ಬಂದು, ಸಂನ್ಯಸನವನ್ನು ಕೈಕೊಂಡು, ಒಂದು ತಿಂಗಳು ಉಪವಾಸವಿದ್ದು ದೇಹ ತೊರೆದಳೆಂದು ಅದೇ ಶಾಸನ ವಿವರವಾಗಿ ಹೇಳುತ್ತದೆ. ತಾಯಿಯ ವ್ರತವನ್ನು ಅಷ್ಟು ಬಿಡಿಸಿ ಬರೆಸಿದವರು ಮಗಳ ವಿಷಯದಲ್ಲಿ ಒಂದೇ ಮಾತಿನಲ್ಲಿ ನಿಲ್ಲಿಸಿದ್ದಾರೆ. ಆ ಮೌನವನ್ನು ತುಂಬಲು ನಮ್ಮ ಜನ ಕಥೆ ಕಟ್ಟಿದರು. ಕಥೆ ಬೆಟ್ಟದ ಹೆಸರಿಗೇ ಅಂಟಿಕೊಂಡಿತು.

ಇದರಿಂದ ನಷ್ಟವಾದದ್ದು ಶಾಂತಲೆಯ ಬದುಕಿಗೆ. ಬೇಲೂರಿನಲ್ಲಿ ಚೆನ್ನಿಗರಾಯನನ್ನು ಪ್ರತಿಷ್ಠೆ ಮಾಡಿಸಿದವಳು ಅವಳು. ಬೆಳಗೊಳದ ಚಿಕ್ಕಬೆಟ್ಟದಲ್ಲಿ 1123ರ ಹೊತ್ತಿಗೆ ಶಾಂತಿನಾಥನ ಬಸದಿಯನ್ನು ಕಟ್ಟಿಸಿದವಳೂ ಅವಳೇ. ಅವಳ ಬಿರುದಿನಿಂದಲೇ ಅದು ಸವತಿಗಂಧವಾರಣ ಬಸದಿ ಎನಿಸಿತು. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ, ಗಂಡ ವೈಷ್ಣವನೆಂದು ಖ್ಯಾತ. ಇಂಥ ಮನೆಯಲ್ಲಿ ತನ್ನ ಜಿನಧರ್ಮವನ್ನು ಬಿಡದೆ, ಇತರರ ದೇಗುಲಗಳಿಗೂ ಕೈನೀಡಿ ಬಾಳಿದವಳು ರಾಜಧಾನಿ ದೋರಸಮುದ್ರದಿಂದ ಬಹುದೂರದ ಒಂದು ಶೈವಕ್ಷೇತ್ರದಲ್ಲಿ ಕೊನೆಯುಸಿರೆಳೆದಳು. ಇದು ಧುಮುಕಿದ ಕಥೆಗಿಂತ ಎಷ್ಟೋ ದೊಡ್ಡ ಸಂಗತಿಯಲ್ಲವೇ? ಗಂಡುಮಗುವಿಲ್ಲದ ಹೆಣ್ಣಿಗೆ ಸಾವೇ ದಾರಿಯೆಂಬ ಪಾಠವನ್ನು ಆ ಕಥೆಯ ಮೂಲಕ ನಾವು ಮಕ್ಕಳಿಗೆ ಕಲಿಸುತ್ತಿದ್ದೇವೆ ಎಂಬುದನ್ನೂ ಯೋಚಿಸಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಉಪಾಧ್ಯಾಯರಾಗಿರುವವರು ಹಲವರಿದ್ದೀರಿ. ಮಕ್ಕಳನ್ನು ಶಿವಗಂಗೆಗೆ ಕರೆದೊಯ್ದಾಗ ಕಥೆಯನ್ನು ಕಥೆಯೆಂದೇ ಹೇಳಿ, ಶಾಸನದ ಮಾತನ್ನೂ ಜೊತೆಗಿಟ್ಟು, ಮುಂದಿನ ಪ್ರವಾಸಕ್ಕೆ ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಗೊತ್ತುಮಾಡಿರಿ. ಅಲ್ಲಿ ಅವಳು ಕಟ್ಟಿಸಿದ ಬಸದಿ ಇನ್ನೂ ನಿಂತಿದೆ.